ಹಳೆ ಗೀಸರ್ ಕೈಕೊಟ್ಟಾಗ: ಹಾಸನ, ಚಿಕ್ಕಮಗಳೂರು ಮನೆಗಳಿಗೆ ದೋಷ ನಿವಾರಣೆ ಕೈಪಿಡಿ

ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು, ಅಜ್ಜಂಪುರದ ಕಡೆ ಕೊಳವೆಬಾವಿ ನೀರು ಗಡಸು. ಅಲ್ಲಿನ ಗೀಸರ್‌ನೊಳಗೆ ಸುಣ್ಣ ಕಟ್ಟುತ್ತದೆ, ನೀರು ಕಾಯಿಸುವ ಎಲಿಮೆಂಟ್ ಸುಟ್ಟುಹೋಗುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆ ಅಬ್ಬಿ ನೀರು, ತೆರೆದ ಬಾವಿಯ ನೀರು ಮೆದು, ಎಷ್ಟೋ ಕಡೆ ತುಸು ಹುಳಿ ಗುಣದ್ದು. ಅಲ್ಲಿ ಸುಣ್ಣದ ಕಾಟ ಕಡಿಮೆ, ಆದರೆ ನೀರು ಟ್ಯಾಂಕನ್ನೇ ತಿನ್ನುತ್ತದೆ. ಒಂದೇ ಕಂಪನಿಯ, ಒಂದೇ ಮಾದರಿಯ ಗೀಸರ್ ಒಂದೇ ಜಿಲ್ಲೆಯ ಎರಡು ತುದಿಗಳಲ್ಲಿ ಎರಡು ಬಗೆಯಲ್ಲಿ ಕೆಡುವುದು ಹೀಗೆ. ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವ ಮುನ್ನ ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತಿದೆ ಎಂದು ಯೋಚಿಸಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ, ಸೋಪು ನೊರೆ ಬಾರದೆ ಜಿಡ್ಡಾಗುತ್ತಿದ್ದರೆ ಗಡಸು ನೀರು. ಬಿಳಿ ಸಿಂಕಿನಲ್ಲಿ ನಲ್ಲಿಯ ಕೆಳಗೆ ಹಸಿರು-ನೀಲಿ ಕಲೆ ಬಿದ್ದಿದ್ದರೆ ನೀರು ತಾಮ್ರವನ್ನು ಕರಗಿಸುತ್ತಿದೆ. ನೀರು ಪರೀಕ್ಷೆ ಮಾಡಿಸಿದ ವರದಿ ಇದ್ದರೆ ಎರಡು ಅಂಕಿ ನೋಡಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಒಟ್ಟು ಗಡಸುತನಕ್ಕೆ ಒಪ್ಪಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ನೀರಿನ ಹುಳಿ ಗುಣ ತಿಳಿಸುವ ಪಿಎಚ್ 6.5ರಿಂದ 8.5ರ ನಡುವೆ ಇರಬೇಕು. ಗಡಸುತನ ಮೇಲೇರಿದ್ದರೆ ಎಲಿಮೆಂಟಿನ ಕಡೆ ಗಮನ ಕೊಡಿ, ಪಿಎಚ್ ಕೆಳಗಿಳಿದಿದ್ದರೆ ಟ್ಯಾಂಕಿನ ಕಡೆ.

ಇನ್ನೊಂದು ಮಾತು. ಗೀಸರ್ ಕೆಟ್ಟಿದೆ ಎಂದು ಬರುವ ದೂರುಗಳಲ್ಲಿ ಬಹಳಷ್ಟಕ್ಕೆ ಗೀಸರ್ ಕಾರಣವೇ ಅಲ್ಲ. ವೋಲ್ಟೇಜ್, ಬಿಸಿ-ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿ, ಅರ್ತಿಂಗ್, ಪ್ಲಗ್ಗಿನ ಸಡಿಲ ಪಿನ್ನು, ಇವನ್ನು ನೋಡಿ ಮುಗಿಸಿದ ಮೇಲೆ ಪೆಟ್ಟಿಗೆ ಬಿಚ್ಚಿದರೆ ಸಾಕು. ಇಲ್ಲಿ ಹೇಳಿರುವುದೆಲ್ಲ ಗೋಡೆಗೆ ನೇತುಹಾಕುವ, 10ರಿಂದ 25 ಲೀಟರಿನ ವಿದ್ಯುತ್ ಗೀಸರ್‌ಗೆ ಸಂಬಂಧಿಸಿದ್ದು.

ಕೈ ಹಾಕುವ ಮುನ್ನ

ಸ್ವಿಚ್ ಆಫ್ ಮಾಡಿದರೆ ಕರೆಂಟು ಹೋಯಿತು ಎಂದುಕೊಳ್ಳಬೇಡಿ. ಹಳೆ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ತಂತಿಗೆ ಹಾಕಿರುವುದುಂಟು. ಆಗ ಸ್ವಿಚ್ ಆಫ್ ಇದ್ದರೂ ಎಲಿಮೆಂಟಿನಲ್ಲಿ 230 ವೋಲ್ಟ್ ಕೂತಿರುತ್ತದೆ. ಪ್ಲಗ್ ಕಿತ್ತು ಹೊರಗಿಡಿ. ಪ್ಲಗ್ ಇಲ್ಲದೆ ನೇರವಾಗಿ ತಂತಿ ಎಳೆದಿದ್ದರೆ ಮೇನ್ ಸ್ವಿಚ್ಚನ್ನೇ ಇಳಿಸಿ, ಗೀಸರಿನೊಳಗೆ ತಂತಿ ಸೇರುವ ಟರ್ಮಿನಲ್ಲಿಗೆ ಟೆಸ್ಟರ್ ಇಟ್ಟು ನೋಡಿ. ಆ ಟೆಸ್ಟರ್ ಸರಿಯಿದೆಯೇ ಎಂದು ಕರೆಂಟಿರುವ ಬೇರೊಂದು ಕಡೆ ಮೊದಲೇ ಹಚ್ಚಿ ನೋಡಿಕೊಂಡಿರಬೇಕು. ನೀರು ಆರಲು ಎರಡು-ಮೂರು ಗಂಟೆ ಬಿಡಿ. 60 ಡಿಗ್ರಿಯ ನೀರು ಐದು ಸೆಕೆಂಡಿನಲ್ಲಿ ದೊಡ್ಡವರ ಚರ್ಮ ಸುಡುತ್ತದೆ, ಮಕ್ಕಳಿಗೆ ಅಷ್ಟೂ ಬೇಡ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೆಲಸ ಮಾಡಬೇಡಿ.

ನಲ್ಲಿ ಮುಟ್ಟಿದರೆ, ನೀರಿಗೆ ಕೈಯೊಡ್ಡಿದರೆ ಜುಮ್ಮೆನ್ನುತ್ತದೆ

ಇದೊಂದು ಲಕ್ಷಣ ಕಂಡರೆ "ನಾಳೆ ನೋಡೋಣ" ಎನ್ನುವಂತಿಲ್ಲ. ಆ ಕ್ಷಣವೇ ಮೇನ್‌ನಿಂದ ಆಫ್ ಮಾಡಿ, ಯಾರೂ ಆನ್ ಮಾಡದಂತೆ ಎಂಸಿಬಿಗೆ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚಿಗೆ) ಟೇಪು ಸುತ್ತಿ, ಮನೆಯವರಿಗೆಲ್ಲ ಹೇಳಿ.

ಜುಮ್ಮೆನ್ನಲು ಎರಡು ದೋಷ ಒಟ್ಟಿಗೆ ಇರಬೇಕು. ಎಲಿಮೆಂಟಿನ ಲೋಹದ ಕವಚ ಸೀಳಿಯೋ ಒಳಗಿನ ತಂತಿ ಬಾಡಿಗೆ ತಗುಲಿಯೋ ಕರೆಂಟು ಸೋರುತ್ತಿರಬೇಕು. ಜೊತೆಗೆ ಅದನ್ನು ನೆಲಕ್ಕೆ ಒಯ್ಯಬೇಕಾದ ಅರ್ತಿಂಗೂ ಕೈಕೊಟ್ಟಿರಬೇಕು. ಅರ್ತ್ ಗಟ್ಟಿಯಾಗಿದ್ದು, ಕರೆಂಟು ಸೋರಿದರೆ ತಾನೇ ಬೀಳುವ 30 ಮಿಲಿಆಂಪ್ ಆರ್‌ಸಿಸಿಬಿ ಇದ್ದಿದ್ದರೆ ನಿಮ್ಮ ಕೈಗೆ ತಿಳಿಯುವ ಮೊದಲೇ ಅದು ಬೀಳುತ್ತಿತ್ತು. ಹಾಗಾಗಿ ಎಲಿಮೆಂಟ್ ಮಾತ್ರ ಬದಲಿಸಿ ಸುಮ್ಮನಾದರೆ ಅರ್ಧ ರಿಪೇರಿ ಆದಂತೆ.

ಹಳೆ ಜಿಐ (ಸತು ಲೇಪದ ಕಬ್ಬಿಣ) ಪೈಪು ತೆಗೆದು ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಹಾಕಿಸಿದ ಮೇಲೆ ಜುಮ್ಮೆನ್ನಲು ಶುರುವಾಯಿತು ಎಂಬ ದೂರು ಈ ಕಡೆ ಹೊಸದಲ್ಲ. ಪ್ಲಂಬರ್ ಏನೂ ಕೆಡಿಸಿರುವುದಿಲ್ಲ. ಮಣ್ಣಿನಲ್ಲಿ ಹೂತಿದ್ದ ಕಬ್ಬಿಣದ ಪೈಪು ಇಷ್ಟು ವರ್ಷ ಯಾರಿಗೂ ತಿಳಿಯದೆ ಅರ್ತ್ ಕೆಲಸ ಮಾಡುತ್ತಿತ್ತು; ಪ್ಲಾಸ್ಟಿಕ್ ಬಂದಾಗ ಆ ದಾರಿ ಕಟ್ಟಾಗಿ ಹಳೆಯ ಸೋರಿಕೆ ಕೈಗೆ ಸಿಕ್ಕಿತು. ಇನ್ನು ಬಯಲುಸೀಮೆಯ ಕಡೆ ಇದ್ದಿಲು-ಉಪ್ಪು ತುಂಬಿದ ಅರ್ತ್ ಗುಂಡಿ ಮಾರ್ಚ್-ಏಪ್ರಿಲ್‌ನಲ್ಲಿ ಒಣಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಇಲ್ಲದ ತೊಂದರೆ ಬೇಸಿಗೆಯಲ್ಲಿ ಕಾಣಿಸಿಕೊಂಡರೆ ಮೊದಲ ಅನುಮಾನ ಗುಂಡಿಯ ಮೇಲೆ. ಗುಂಡಿಗೆ ನೀರು ಹಾಕಿದ ಮೇಲೆ ಜುಮ್ಮೆನ್ನುವುದು ನಿಂತರೂ ಎಲಿಮೆಂಟಿನ ಸೋರಿಕೆ ಹಾಗೇ ಇದೆ ಎಂಬುದು ನೆನಪಿರಲಿ.

ಮಲ್ಟಿಮೀಟರಿನಲ್ಲಿ ಫೇಸ್-ಅರ್ತ್ ನಡುವೆ 230 ತೋರಿಸಿದರೆ ಅರ್ತ್ ಚೆನ್ನಾಗಿದೆ ಎಂದು ತೀರ್ಮಾನಿಸುವುದು ದೊಡ್ಡ ಮೋಸ. ಮೀಟರು ಎಳೆಯುವ ಕರೆಂಟು ತೀರಾ ಕಡಿಮೆ, ಸಾವಿರಾರು ಓಮಿನ ಹಾಳು ಅರ್ತ್‌ನಲ್ಲೂ ಅದು ಅದೇ ಅಂಕಿ ತೋರಿಸುತ್ತದೆ. ಅರ್ತ್ ಟೆಸ್ಟರ್ ಇರುವ ಎಲೆಕ್ಟ್ರಿಷಿಯನ್‌ನಿಂದ ಅಳೆಸಿ. 5 ಓಮ್‌ಗಿಂತ ಕಡಿಮೆ ಬಂದರೆ ನೆಮ್ಮದಿ. ಎಲಿಮೆಂಟನ್ನು ಕರೆಂಟು ಸೋರಿಕೆ ಪತ್ತೆಹಚ್ಚುವ 500 ವೋಲ್ಟಿನ ಮೆಗ್ಗರ್‌ನಲ್ಲಿ ಪರೀಕ್ಷಿಸಬೇಕು. ಟರ್ಮಿನಲ್ಲಿಗೂ ಕವಚಕ್ಕೂ ನಡುವೆ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಅದನ್ನು ಗೀಸರ್‌ನಲ್ಲಿ ಬಿಡಬೇಡಿ. ಗೀಸರ್ ಪ್ಲಗ್ ಕಿತ್ತಿಟ್ಟ ಮೇಲೂ ನಲ್ಲಿ ಜುಮ್ಮೆನ್ನುತ್ತಿದ್ದರೆ ದೋಷ ಮೋಟಾರಿನದೋ ಮನೆಯ ವೈರಿಂಗಿನದೋ ಹೊರಗಿನ ಲೈನಿನದೋ ಇರಬಹುದು. ಹೊರಗಿನ ಲೈನೆಂದು ಕಂಡರೆ 1912ಕ್ಕೆ ಕರೆ ಮಾಡಿ. ಹಾಸನ ಜಿಲ್ಲೆಗೆ ಚಾಮುಂಡೇಶ್ವರಿ ವಿದ್ಯುತ್ ನಿಗಮ, ಚಿಕ್ಕಮಗಳೂರಿಗೆ ಮೆಸ್ಕಾಂ.

ಸ್ವಿಚ್ ಹಾಕಿದರೂ ದೀಪವಿಲ್ಲ, ನೀರೂ ಬಿಸಿಯಿಲ್ಲ

ಮೊದಲು ಅದೇ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆ ಹಾಕಿ ನೋಡಿ. ಅದೂ ಕಾಯದಿದ್ದರೆ ದೋಷ ಗೀಸರ್‌ನದಲ್ಲ. ಸಾಕೆಟ್ ಸರಿಯಿದ್ದರೆ ಪ್ಲಗ್ಗಿನ ಪಿನ್ನು ನೋಡಿ: ಕಪ್ಪಗಾಗಿದ್ದರೆ, ಪಕ್ಕದ ಪ್ಲಾಸ್ಟಿಕ್ ಕರಗಿದ್ದರೆ ಪ್ಲಗ್ ಮತ್ತು ಸಾಕೆಟ್ ಎರಡನ್ನೂ ಬದಲಿಸಬೇಕು. ಒಂದನ್ನು ಮಾತ್ರ ಬದಲಿಸಿದರೆ ಹಳೆಯದರ ಸಡಿಲು ಹೊಸದನ್ನೂ ಸುಡುತ್ತದೆ. 2 ಕಿಲೋವಾಟ್ ಗೀಸರ್ ಸುಮಾರು 8.7 ಆಂಪ್, 3 ಕಿಲೋವಾಟಿನದು 13 ಆಂಪ್ ಎಳೆಯುತ್ತದೆ. 16 ಆಂಪಿನ ಸಾಕೆಟ್ಟೇ ಬೇಕು. ತಂತಿ ತಾಮ್ರದ್ದಾಗಿದ್ದು 2 ಕಿಲೋವಾಟಿಗೆ ಎರಡೂವರೆ ಸ್ಕ್ವೇರ್ ಎಂಎಂ, 3 ಕಿಲೋವಾಟಿಗೆ ನಾಲ್ಕು ಸ್ಕ್ವೇರ್ ಎಂಎಂ ಇರಲಿ. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಗೀಸರ್ ಹಾಕುವ ಪದ್ಧತಿ ಇದ್ದರೆ ಇಂದೇ ನಿಲ್ಲಿಸಿ.

ಮುಂದಿನದು ಕಟೌಟ್. ನೀರು ಬೇಕಾದಷ್ಟು ಕಾದಾಗ ಕರೆಂಟು ನಿಲ್ಲಿಸುವುದು ಥರ್ಮೋಸ್ಟಾಟ್; ನೀರು ಮಿತಿ ಮೀರಿ ಕಾದರೆ ಅದರ ಮೇಲಿನ ಎರಡನೇ ಕಾವಲಾಗಿ ಇದು ಕರೆಂಟು ಕತ್ತರಿಸುತ್ತದೆ. ಎಷ್ಟೋ ಮಾದರಿಗಳಲ್ಲಿ ಕೆಳಗಿನ ಮುಚ್ಚಳ ತೆಗೆದರೆ ಒತ್ತುವ ಸಣ್ಣ ಗುಂಡಿ ಕಾಣುತ್ತದೆ. ನೀರು ಆರಿದ ಮೇಲೆ, ಪ್ಲಗ್ ಕಿತ್ತಿರುವಾಗಲೇ ಒತ್ತಿ. ಟಿಕ್ ಎಂದರೆ ಅದು ಬಿದ್ದಿತ್ತು ಎಂದರ್ಥ. ಒಮ್ಮೆ ಒತ್ತಿದ್ದು ನಿಂತರೆ ಸರಿ. ಮತ್ತೆ ಬಿದ್ದರೆ ಥರ್ಮೋಸ್ಟಾಟ್ ಅಂಟಿಕೊಂಡಿದೆ, ಅದನ್ನು ಬದಲಿಸದೆ ಗುಂಡಿ ಒತ್ತುತ್ತಾ ಕೂರಬೇಡಿ.

ಸೋಲಾರ್ ನೀರು ಗೀಸರ್ ಮೂಲಕ ಹಾದುಬರುವಂತೆ ಪೈಪು ಜೋಡಿಸಿರುವ ಮನೆಗಳಲ್ಲಿ ಒಳಬರುವ ನೀರೇ ಥರ್ಮೋಸ್ಟಾಟಿನ ಮಿತಿಗಿಂತ ಬಿಸಿಯಿದ್ದರೆ ದೀಪ ಹತ್ತುವುದಿಲ್ಲ. ಇದು ದೋಷವಲ್ಲ. ಏಪ್ರಿಲ್ ಬಿಸಿಲಿನಲ್ಲಿ ಸೋಲಾರ್ ನೀರಿನ ಕಾವಿಗೇ ಕಟೌಟ್ ಬೀಳುವುದೂ ಇದೆ. ಆ ದಿನಗಳಲ್ಲಿ ಗೀಸರ್ ಬದಿಗಿಟ್ಟು ನೀರು ಹಾಯುವಂತೆ ಬೈಪಾಸ್ ವಾಲ್ವ್ ಹಾಕಿಸುವುದೇ ಪರಿಹಾರ.

ಕಟೌಟ್ ಸರಿಯಿದ್ದರೆ ಥರ್ಮೋಸ್ಟಾಟ್. ತಣ್ಣಗಿರುವಾಗ ತಂತಿ ಬಿಚ್ಚಿ, ಅದರ ಎರಡು ತುದಿಗಳ ನಡುವೆ ಮಲ್ಟಿಮೀಟರಿನಲ್ಲಿ ಸೊನ್ನೆ ಓಮ್ ಬರಬೇಕು. ಬಾರದಿದ್ದರೆ ಬದಲಿಸಿ. ಬದಲಿಗೆ ತರುವಾಗ ಹಳೆಯ ಕಡ್ಡಿಯನ್ನೇ ಅಂಗಡಿಗೆ ಒಯ್ದು ಉದ್ದ ಹೋಲಿಸಿ. ಗಿಡ್ಡ ಕಡ್ಡಿ ಹಾಕಿದರೆ ಟ್ಯಾಂಕಿನ ಕೆಳಭಾಗದ ಕಾವನ್ನಷ್ಟೇ ಓದುತ್ತದೆ, ಆಫ್ ಆಗುವ ಲೆಕ್ಕವೇ ತಪ್ಪುತ್ತದೆ. ಮುಚ್ಚಳದೊಳಗೆ ಇರುವೆ ಗೂಡು, ಸತ್ತ ಹಲ್ಲಿ ಕಂಡರೆ ಒಣ ಬ್ರಷ್ಷಿನಿಂದ ಗುಡಿಸಿ. ತೋಟದ ಮನೆಗಳಲ್ಲಿ ಟರ್ಮಿನಲ್ ಸುಡಲು ಇದೂ ಒಂದು ಕಾರಣ.

ದೀಪ ಉರಿಯುತ್ತದೆ, ನೀರು ಮಾತ್ರ ತಣ್ಣಗೆ

ಕೆಲವು ಗೀಸರ್‌ಗಳಲ್ಲಿ ಎರಡು ದೀಪ ಇರುತ್ತವೆ: ಒಂದು ಕರೆಂಟು ಬಂದಿದೆ ಎಂದು, ಇನ್ನೊಂದು ಕಾಯುತ್ತಿದೆ ಎಂದು. ಎರಡನೆಯದು ಸಾಮಾನ್ಯವಾಗಿ ಥರ್ಮೋಸ್ಟಾಟ್ ದಾಟಿದ ಮೇಲೆ, ಎಲಿಮೆಂಟಿನ ಪಕ್ಕಕ್ಕೆ ಜೋಡಿಸಿರುತ್ತದೆ. ಅದು ಉರಿಯುತ್ತಿದ್ದೂ ನೀರು ಕಾಯದಿದ್ದರೆ ಎಲಿಮೆಂಟ್ ಒಳಗೆ ಕಡಿದಿದೆ ಎಂಬುದು ಬಹುಪಾಲು ಖಚಿತ. ದೀಪವಿಲ್ಲದೆ ನೀರು ಕಾಯುತ್ತಿದ್ದರೆ ದೀಪವೇ ಹೋಗಿದೆ, ಅದಕ್ಕೆ ಅವಸರವಿಲ್ಲ.

ಖಚಿತಪಡಿಸಿಕೊಳ್ಳಲು ಎಲಿಮೆಂಟಿನ ತಂತಿ ಬಿಚ್ಚಿ ಓಮ್ ಅಳೆಯಿರಿ. 1.5 ಕಿಲೋವಾಟಿನದು ಸುಮಾರು 35, 2 ಕಿಲೋವಾಟಿನದು 26, 3 ಕಿಲೋವಾಟಿನದು 18 ಓಮ್ ತೋರಬೇಕು. ಒಂದೆರಡು ಓಮ್ ಹೆಚ್ಚುಕಡಿಮೆ ಇರಬಹುದು. ಮೀಟರು ಏನನ್ನೂ ತೋರದಿದ್ದರೆ ಒಳತಂತಿ ಕಡಿದಿದೆ. ಬದಲಿ ಎಲಿಮೆಂಟ್ ಹಳೆಯದರ ವ್ಯಾಟಿಗೇ ಸರಿಹೊಂದಲಿ. ಬೇಗ ಕಾಯಲಿ ಎಂದು 2ರ ಜಾಗಕ್ಕೆ 3 ಕಿಲೋವಾಟ್ ಹಾಕಿಸಿದರೆ ಗೋಡೆಯೊಳಗಿನ ಹಳೆ ತಂತಿ ಅದನ್ನು ತಾಳುವುದಿಲ್ಲ. ಗಡಸು ನೀರಿನ ಊರಿನವರು ತಾಮ್ರದ ಕವಚದ್ದಕ್ಕಿಂತ ಇಂಕಲಾಯ್ (ನಿಕಲ್ ಬೆರೆತ ಮಿಶ್ರಲೋಹ) ಕವಚದ್ದನ್ನು ಕೇಳಿ ತನ್ನಿ. ಸುಣ್ಣದಡಿ ಕಾದಾಗ ಅದು ಹೆಚ್ಚು ತಡೆಯುತ್ತದೆ.

ಎಲಿಮೆಂಟ್ ಹೊಸದಾಗಿದ್ದೂ ಕೆಲವೇ ದಿನದಲ್ಲಿ ಸುಟ್ಟರೆ ಟ್ಯಾಂಕಿನಲ್ಲಿ ನೀರಿಲ್ಲದಾಗ ಆನ್ ಆಗಿತ್ತು ಎಂದೇ ತಿಳಿಯಿರಿ. ಮೇಲಿನ ತೊಟ್ಟಿ ಖಾಲಿಯಾಗಿ, ನೀರನ್ನು ಹಿಂದಕ್ಕೆ ಬಿಡದ ವಾಲ್ವೂ ಕೆಟ್ಟಿದ್ದರೆ ಗೀಸರ್‌ನ ನೀರು ತಣ್ಣೀರು ಪೈಪಿನಲ್ಲೇ ಕೆಳಗಿಳಿದು ಹೋಗುತ್ತದೆ. ಬರಿದಾದ ಟ್ಯಾಂಕಿನಲ್ಲಿ ಎಲಿಮೆಂಟ್ ನಿಮಿಷಗಳಲ್ಲೇ ಸೀಳುತ್ತದೆ.

ಬಿಸಿಯಾಗಲು ವಿಪರೀತ ಹೊತ್ತು, ಅಥವಾ ಒಂದೇ ಬಕೆಟ್ಟಿಗೆ ಮುಗಿಯುತ್ತದೆ

ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಈ ಲಕ್ಷಣದಲ್ಲಿ. ಹಾಗಾಗಿ ನಿಧಾನಕ್ಕೆ ನೋಡೋಣ.

ಎಷ್ಟು ಹೊತ್ತು ಸಹಜ ಎಂದು ಮೊದಲು ತಿಳಿಯಬೇಕು. ಡಿಸೆಂಬರ್-ಜನವರಿಯಲ್ಲಿ ತೊಟ್ಟಿಯ ನೀರು 18 ಡಿಗ್ರಿ ಇದೆ ಎಂದುಕೊಳ್ಳಿ. ಅದನ್ನು 60ಕ್ಕೆ ಏರಿಸಲು 2 ಕಿಲೋವಾಟಿನ 15 ಲೀಟರ್ ಗೀಸರ್‌ಗೆ 22 ನಿಮಿಷ, 25 ಲೀಟರಿನದಕ್ಕೆ 37 ನಿಮಿಷ ಬೇಕು; ಹೊರಗೆ ಸೋರುವ ಕಾವಿಗೆ ಇನ್ನೆರಡು ಮೂರು ನಿಮಿಷ ಸೇರಿಸಿ. ಮೇ ತಿಂಗಳಿಗೂ ಜನವರಿಗೂ ವ್ಯತ್ಯಾಸ ಕಂಡರೆ ಅದು ನೀರಿನ ಚಳಿ, ಗೀಸರ್‌ನ ತಪ್ಪಲ್ಲ.

ಮುಂದೆ ವೋಲ್ಟೇಜ್. ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ತೋಟದ ಮನೆಗಳಲ್ಲಿ, ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ 180 ವೋಲ್ಟಿಗೆ ಇಳಿಯುವುದು ಹೊಸತಲ್ಲ. ವೋಲ್ಟೇಜ್ ಐದನೇ ಒಂದರಷ್ಟು ಇಳಿದರೆ ಕಾವು ಅಷ್ಟೇ ಇಳಿಯುವುದಿಲ್ಲ, ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230ರಲ್ಲಿ 2000 ವ್ಯಾಟ್ ಕೊಡುವ ಎಲಿಮೆಂಟ್ 180ರಲ್ಲಿ ಕೊಡುವುದು 1225 ವ್ಯಾಟ್ ಮಾತ್ರ. 37 ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯುತ್ತದೆ. ಎಲಿಮೆಂಟ್ ಬದಲಿಸಿ ಪ್ರಯೋಜನವಿಲ್ಲ. ಕಾಯಿಸುವ ಹೊತ್ತನ್ನು ಬದಲಿಸಿ, ಲೈನಿನ ಬಗ್ಗೆ ದೂರು ಕೊಡಿ.

ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಮನೆಯ ಉಳಿದದ್ದೆಲ್ಲ ಆಫ್ ಮಾಡಿ. ಟ್ಯಾಂಕಿನಲ್ಲಿ ತಣ್ಣೀರಿರುವಾಗ ಮೀಟರಿನ ಅಂಕಿ ಬರೆದುಕೊಂಡು ಗೀಸರ್ ಒಂದನ್ನೇ 15 ನಿಮಿಷ ಓಡಿಸಿ. 2 ಕಿಲೋವಾಟಿನದು ಅರ್ಧ ಯೂನಿಟ್ ತಿನ್ನಬೇಕು. ತಿಂದಿದ್ದರೆ ಎಲಿಮೆಂಟ್ ತನ್ನ ಕೆಲಸ ಮಾಡಿದೆ, ಕಾವು ಬೇರೆಲ್ಲೋ ಹೋಗುತ್ತಿದೆ.

ಎಲ್ಲಿ ಎಂದರೆ, ಹೆಚ್ಚಾಗಿ ಮಿಕ್ಸರಿನಲ್ಲಿ. ಮಿಕ್ಸರಿನ ಬಿಸಿ-ತಣ್ಣೀರು ಎರಡೂ ಹಿಡಿ ತೆರೆದೇ ಇದ್ದು, ತುದಿಯ ಹ್ಯಾಂಡ್ ಶವರನ್ನು ಮಾತ್ರ ಒತ್ತಿ ನಿಲ್ಲಿಸುವ ಅಭ್ಯಾಸವಿದ್ದರೆ ತಣ್ಣೀರು ಮಿಕ್ಸರ್ ಮೂಲಕ ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಪರೀಕ್ಷೆ ಸುಲಭ: ಗೀಸರ್‌ಗೆ ನೀರು ಬರುವ ವಾಲ್ವ್ ಮುಚ್ಚಿ, ಒಂದು ಬಿಸಿನೀರಿನ ನಲ್ಲಿ ತೆರೆಯಿರಿ. ಪೈಪಿನಲ್ಲಿದ್ದ ಸ್ವಲ್ಪ ನೀರು ಬಂದು ನಿಲ್ಲಬೇಕು. ಹರಿಯುತ್ತಲೇ ಇದ್ದರೆ ಎಲ್ಲೋ ತಣ್ಣೀರು ದಾಟಿ ಬರುತ್ತಿದೆ. ಒಂದೊಂದೇ ಮಿಕ್ಸರ್ ಮುಚ್ಚುತ್ತಾ ಹುಡುಕಿ.

ಇತ್ತೀಚೆಗೆ ಪ್ಲಂಬಿಂಗ್ ಮಾಡಿಸಿದ್ದರೆ ಗೀಸರ್‌ನ ಬಣ್ಣದ ಪಟ್ಟಿ ನೋಡಿ. ನೀಲಿ ತಣ್ಣೀರು ಒಳಕ್ಕೆ, ಕೆಂಪು ಬಿಸಿನೀರು ಹೊರಕ್ಕೆ. ಒಳಗೆ ಬಿಸಿನೀರಿನ ಕೊಳವೆ ಟ್ಯಾಂಕಿನ ನೆತ್ತಿಯವರೆಗೂ ಹೋಗಿರುತ್ತದೆ, ಕಾದ ನೀರು ಮೇಲೇ ನಿಲ್ಲುವುದರಿಂದ ಅಲ್ಲಿಂದಲೇ ಎತ್ತುತ್ತದೆ. ಎರಡನ್ನೂ ಅದಲುಬದಲು ಜೋಡಿಸಿದರೆ ತಣ್ಣೀರು ಬಿಸಿನೀರಿನ ನೆತ್ತಿಗೆ ಸುರಿದು, ಉಗುರುಬೆಚ್ಚಗಿನ ನೀರು ಬರುತ್ತದೆ. ಮೆದು ನೀರಿನ ಊರುಗಳ ಹಳೆ ಟ್ಯಾಂಕುಗಳಲ್ಲಿ ಈ ಕೊಳವೆಯೇ ನಡುವೆ ತೂತುಬಿದ್ದು ಇದೇ ಲಕ್ಷಣ ತೋರುವುದುಂಟು. ಹಾಗಾದರೆ ರಿಪೇರಿ ಕಷ್ಟ.

ಸುಣ್ಣ ಕಟ್ಟಿದರೆ ನೀರು ಕಾಯುವುದಿಲ್ಲ ಎಂಬ ಮಾತು ಪೂರ್ತಿ ಸರಿಯಲ್ಲ. ಎಲಿಮೆಂಟ್ ನೀರಿನೊಳಗೇ ಇರುವುದರಿಂದ ಅದರ ಕಾವಿಗೆ ಬೇರೆ ದಾರಿ ಇಲ್ಲ, ಕೊನೆಗೆ ನೀರಿಗೇ ಸೇರುತ್ತದೆ. ಆದರೆ ಸುಣ್ಣದ ಪದರ ದಾಟಲು ಎಲಿಮೆಂಟ್ ತಾನೇ ವಿಪರೀತ ಕಾಯಬೇಕು, ಹಾಗಾಗಿ ಬೇಗ ಸುಡುತ್ತದೆ. ಜೊತೆಗೆ ತಳದಲ್ಲಿ ಕೂತ ಸುಣ್ಣ ಟ್ಯಾಂಕಿನ ಜಾಗ ತಿನ್ನುತ್ತದೆ, ಥರ್ಮೋಸ್ಟಾಟಿನ ಸುತ್ತ ಗಟ್ಟಿಯಾಗಿ ಅದನ್ನು ಬೇಗ ಆಫ್ ಮಾಡಿಸುತ್ತದೆ. ಬಿಸಿನೀರು ಬೇಗ ಮುಗಿಯುವುದು ಇದರಿಂದ.

ಕಾಯುವಾಗ ಗೊರಗೊರ, ಪಟಪಟ ಸದ್ದು

ಸುಣ್ಣದ ಪದರದಡಿ ಸಿಕ್ಕಿದ ನೀರು ಹಬೆಯಾಗಿ ಒಡೆಯುವ ಸದ್ದಿದು. ಬಯಲುಸೀಮೆಯ ಗೀಸರ್ ಹೀಗೆ ಸದ್ದು ಮಾಡತೊಡಗಿದರೆ ಎಲಿಮೆಂಟಿನ ಆಯಸ್ಸು ತೀರುತ್ತಾ ಬಂದಿದೆ. ಮುಂದೆ ಹೇಳುವಂತೆ ಬಿಚ್ಚಿ ತೊಳೆಸಿ. ಮಲೆನಾಡಿನಲ್ಲಿ ಇದೇ ಸದ್ದು ಕೇಳಿದರೆ ಮಳೆಗಾಲದ ಕೆಸರು ತಳದಲ್ಲಿ ಕೂತಿರಬಹುದು. ಅಬ್ಬಿ ನೀರಿನ ಪೈಪಿಗೆ ಜಾಲರಿ ಹಾಕಿ, ನೀರು ನೇರವಾಗಿ ಗೀಸರ್‌ಗೆ ಬಾರದೆ ತೊಟ್ಟಿಯಲ್ಲಿ ತಿಳಿಯಾಗಿ ಬರುವಂತೆ ಮಾಡಿ.

ನಲ್ಲಿ ತೆರೆದರೆ ಹಬೆ, ಕುದಿಯುವ ನೀರು

ಆಫ್ ಮಾಡಿ. ನಲ್ಲಿ ಮುಚ್ಚಿ ದೂರ ನಿಲ್ಲಿ, ತಾನಾಗಿ ಆರಲು ಬಿಡಿ. ಥರ್ಮೋಸ್ಟಾಟ್ ಅಂಟಿಕೊಂಡಿದೆ, ಕಟೌಟೂ ಕೆಲಸ ಮಾಡಿಲ್ಲ. ಅಥವಾ ಯಾರೋ ಅವೆರಡನ್ನೂ ತಪ್ಪಿಸಿ ಎಲಿಮೆಂಟಿಗೆ ಡೈರೆಕ್ಟ್ ಕೊಟ್ಟಿದ್ದಾರೆ. "ಸದ್ಯಕ್ಕೆ ಡೈರೆಕ್ಟ್ ಮಾಡಿ ಕೊಡ್ತೀನಿ ಸಾರ್" ಎನ್ನುವ ರಿಪೇರಿಯವರನ್ನು ಒಪ್ಪಲೇಬೇಡಿ. ಒತ್ತಡ ಬಿಡುವ ವಾಲ್ವೂ ಸುಣ್ಣದಿಂದ ಕಟ್ಟಿಕೊಂಡಿದ್ದರೆ ಡೈರೆಕ್ಟ್ ಮಾಡಿದ ಗೀಸರ್ ಗೋಡೆ ಒಡೆಯುವಷ್ಟು ಬಲದಿಂದ ಸಿಡಿಯುತ್ತದೆ. ಈ ಲಕ್ಷಣಕ್ಕೆ ಮನೆಯಲ್ಲಿ ಮಾಡುವ ಪರೀಕ್ಷೆ ಯಾವುದೂ ಇಲ್ಲ. ಥರ್ಮೋಸ್ಟಾಟ್, ಕಟೌಟ್, ವಾಲ್ವ್ ಮೂರನ್ನೂ ಒಟ್ಟಿಗೆ ಬದಲಿಸಿಯೇ ಮತ್ತೆ ಆನ್ ಮಾಡಿಸಿ.

ಎಂಸಿಬಿ ಅಥವಾ ಆರ್‌ಸಿಸಿಬಿ ಬೀಳುತ್ತದೆ

ಯಾವುದು ಬೀಳುತ್ತಿದೆ, ಯಾವಾಗ ಬೀಳುತ್ತಿದೆ ಎಂಬುದರಲ್ಲೇ ಉತ್ತರವಿದೆ. ಪ್ಲಗ್ ಕಿತ್ತ ಮೇಲೂ ಬೀಳುತ್ತಿದ್ದರೆ ವೈರಿಂಗ್ ನೋಡಿಸಿ. ಎಂಸಿಬಿ ಮಾತ್ರ ಬೀಳುತ್ತಿದ್ದರೆ ತಂತಿ ಒಂದಕ್ಕೊಂದು ತಗುಲಿದೆ, ಇಲ್ಲವೇ ಎಂಸಿಬಿಯೇ ದಣಿದಿದೆ; 8.7 ಆಂಪಿಗೆ 16 ಆಂಪಿನದು ಬೀಳಬಾರದು. ಆರ್‌ಸಿಸಿಬಿ ಆನ್ ಮಾಡಿದ ಕೂಡಲೇ ಬಿದ್ದರೆ ಎಲಿಮೆಂಟಿನ ಕವಚ ಸೀಳಿದೆ. ಐದು ಹತ್ತು ನಿಮಿಷ ಕಾದ ಮೇಲೆ ಬಿದ್ದರೆ ಕೂದಲೆಳೆಯ ಸೀಳು ಕಾವಿಗೆ ಬಾಯಿ ಬಿಡುತ್ತಿದೆ.

ಮಲೆನಾಡಿನಲ್ಲಿ ಮಾತ್ರ ಇನ್ನೊಂದು ಸಾಧ್ಯತೆ ಗಮನಿಸಿ. ಮಳೆಗಾಲವಿಡೀ ಮುಚ್ಚಿಟ್ಟ ಮನೆ, ತಿಂಗಳುಗಟ್ಟಲೆ ಬಳಸದ ಅತಿಥಿಕೋಣೆಯ ಗೀಸರ್ ಮೊದಲ ಬಾರಿ ಹಾಕಿದಾಗ ಆರ್‌ಸಿಸಿಬಿ ಬೀಳುತ್ತದೆ. ಎಲಿಮೆಂಟಿನೊಳಗೆ ತಂತಿಯ ಸುತ್ತ ತುಂಬಿರುವ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುದಿಯ ಸೀಲಿನ ಮೂಲಕ ಗಾಳಿಯ ತೇವ ಹೀರಿಕೊಂಡಿರುತ್ತದೆ. ಕವಚ ಸೀಳಿರದಿದ್ದರೆ ಎಲಿಮೆಂಟ್ ಹೊರತೆಗೆದು ಚೆನ್ನಾಗಿ ಒಣಗಿಸಿ, ಮೆಗ್ಗರ್‌ನಲ್ಲಿ ಅಳತೆ ಮೇಲೇರಿದರೆ ಮತ್ತೆ ಬಳಸಬಹುದು. ಆರ್‌ಸಿಸಿಬಿಯನ್ನು ತಪ್ಪಿಸಿ ಗೀಸರ್ ಓಡಿಸಿಯೇ ಒಣಗಿಸುತ್ತೇವೆ ಎನ್ನುವುದು ಪ್ರಾಣಕ್ಕೆ ಎರವಾಗುವ ಉಪಾಯ.

ನೀರು ತೊಟ್ಟಿಕ್ಕುತ್ತದೆ

ಎಲ್ಲಿಂದ ಎಂಬುದೇ ಮುಖ್ಯ. ಒರೆಸಿ, ಒಣ ಕಾಗದ ಒತ್ತಿ ನೋಡಿ.

ತಣ್ಣೀರಿನ ಕಡೆಯ ಒತ್ತಡ ಬಿಡುವ ವಾಲ್ವಿನಿಂದ ಕಾಯುವಾಗ ಮಾತ್ರ ಹನಿ ಬಿದ್ದರೆ ಗಾಬರಿ ಬೇಡ. 25 ಲೀಟರ್ ನೀರು 20ರಿಂದ 60 ಡಿಗ್ರಿಗೆ ಏರಿದಾಗ ಮೂರುವರೆ ನಾಲ್ಕು ನೂರು ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಆ ನೀರಿಗೆ ಜಾಗ ಬೇಕು, ವಾಲ್ವ್ ಅದನ್ನು ಬಿಡುತ್ತಿದೆ. ತಣ್ಣಗಿರುವಾಗಲೂ ಹನಿಯುತ್ತಿದ್ದರೆ ವಾಲ್ವಿನ ಸಣ್ಣ ಹಿಡಿಯನ್ನು ಎರಡು-ಮೂರು ಸಲ ಎತ್ತಿ ಬಿಡಿ. ಸಿಕ್ಕಿದ ಮರಳು ಕೊಚ್ಚಿಹೋಗಬಹುದು. ನಿಲ್ಲದಿದ್ದರೆ ಬದಲಿಸಿ. ಹನಿ ನಿಲ್ಲಿಸಲು ಅದಕ್ಕೆ ಬೂಚು ಬಡಿಯುವುದು, ಎಂ-ಸೀಲ್ ಮೆತ್ತುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಗುಡ್ಡದ ಮೇಲಿನ ಅಬ್ಬಿಯಿಂದ ಪೈಪಿನಲ್ಲಿ ನೀರು ತಂದಿರುವ ಮನೆಗಳವರು ಇಲ್ಲಿ ಒಂದು ಲೆಕ್ಕ ಹಾಕಬೇಕು. ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ಮನೆಗಿಂತ 80 ಮೀಟರ್ ಮೇಲಿನ ಅಬ್ಬಿ ಎಂದರೆ 8 ಬಾರ್. ಬಹಳಷ್ಟು ಗೀಸರ್‌ಗಳ ಗರಿಷ್ಠ ಮಿತಿಯೇ ಅಷ್ಟು. ನಿಮ್ಮದು ಎಷ್ಟು ತಾಳುತ್ತದೆ ಎಂಬುದನ್ನು ಐಎಸ್ 2082 ಗುರುತಿರುವ ಅದರ ಫಲಕದಲ್ಲೇ ಬರೆದಿರುತ್ತದೆ. ಇಂಥ ಮನೆಗಳಲ್ಲಿ ವಾಲ್ವ್ ರಾತ್ರಿಯಿಡೀ ಸುರಿಯುತ್ತದೆ, ನೀರು ಸೋರದಂತೆ ಸಂದಿಗೆ ಹಾಕಿದ ಗ್ಯಾಸ್ಕೆಟ್ ಪದೇಪದೇ ಹೋಗುತ್ತದೆ, ಕೊನೆಗೆ ಟ್ಯಾಂಕಿನ ಬೆಸುಗೆ ಬಿಡುತ್ತದೆ. ವಾಲ್ವ್ ಬದಲಿಸುತ್ತಾ ಹೋಗುವ ಬದಲು ಮಾಳಿಗೆಯ ತೊಟ್ಟಿಗೆ ನೀರು ಬಿಟ್ಟು ಅಲ್ಲಿಂದ ಗೀಸರ್‌ಗೆ ಕೊಡಿ.

ಕೆಳಗಿನ ಮುಚ್ಚಳದೊಳಗಿಂದ ಹನಿಯುತ್ತಿದ್ದರೆ ಫ್ಲ್ಯಾಂಜಿನ (ಎಲಿಮೆಂಟ್ ಕೂರಿಸಿದ ಲೋಹದ ತಟ್ಟೆಯ) ಗ್ಯಾಸ್ಕೆಟ್ ಗಟ್ಟಿಯಾಗಿದೆ. ಕಡಿಮೆ ಬೆಲೆಯ ಭಾಗ, ಬದಲಿಸಿದರಾಯಿತು. ಟರ್ಮಿನಲ್ ಇರುವುದೂ ಅಲ್ಲೇ ಆದ್ದರಿಂದ ಅಲ್ಲಿಯವರೆಗೆ ಆನ್ ಮಾಡಬೇಡಿ. ಜಡಿಮಳೆಯ ದಿನಗಳಲ್ಲಿ ತಣ್ಣೀರು ತುಂಬಿದಾಗ ಲೋಹ ಬೆವರಿ ನಾಲ್ಕು ಹನಿ ಬೀಳುವುದು ಬೇರೆ, ನೀರು ಕಾದ ಮೇಲೆ ಅದು ನಿಲ್ಲುತ್ತದೆ. ಹೊರಕವಚದ ಸಂದಿಯಿಂದ ತುಕ್ಕು ಬಣ್ಣದ ನೀರು ಬರುತ್ತಿದ್ದರೆ ಟ್ಯಾಂಕೇ ತೂತಾಗಿದೆ. ಅದಕ್ಕೆ ರಿಪೇರಿ ಇಲ್ಲ.

ನೀರಿನ ಬಣ್ಣ, ವಾಸನೆ

ಬಿಸಿನೀರು ಮಾತ್ರ ಕೆಂಪಗೆ ಬಂದರೆ ಟ್ಯಾಂಕಿನ ತುಕ್ಕು. ತಣ್ಣೀರೂ ಹಾಗೇ ಇದ್ದರೆ ಮೂಲದ ಕಬ್ಬಿಣ. ಒಳಗೆ ಗಾಜಿನ ಲೇಪವಿರುವ ಉಕ್ಕಿನ ಟ್ಯಾಂಕಿನಲ್ಲಿ ತುಕ್ಕು ಕಂಡಿತೆಂದರೆ ಆ್ಯನೋಡ್ ರಾಡ್ ತೀರಿಹೋಗಿ ಬಹಳ ದಿನವಾಗಿದೆ. ಟ್ಯಾಂಕಿನ ಬದಲು ತಾನು ಕರಗಲೆಂದೇ ಇಟ್ಟಿರುವ ಮೆಗ್ನೀಸಿಯಂ ಕಡ್ಡಿ ಅದು. ದಪ್ಪ ಅರ್ಧಕ್ಕಿಳಿದರೆ ಅಥವಾ ನಡುವಿನ ಕಬ್ಬಿಣದ ತಂತಿ ಕಂಡರೆ ಬದಲಿಸಿ. ಹಳೆ ತಾಮ್ರದ ಟ್ಯಾಂಕುಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಹಸಿರು-ನೀಲಿ ಕಲೆಯೇ ಎಚ್ಚರಿಕೆ, ಆ ನೀರನ್ನು ಅಡುಗೆಗೂ ಕುಡಿಯಲೂ ಬಳಸಬೇಡಿ.

ಕೊಳೆತ ಮೊಟ್ಟೆಯ ವಾಸನೆ ಕೆಲವು ಕೊಳವೆಬಾವಿ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಬರುವಂಥದ್ದು; ಮೆಗ್ನೀಸಿಯಂ ಆ್ಯನೋಡ್ ಅದಕ್ಕೆ ಇಂಬು ಕೊಡುತ್ತದೆ. ಥರ್ಮೋಸ್ಟಾಟನ್ನು 60ಕ್ಕಿಂತ ಮೇಲಿಟ್ಟು ಕಾಯಿಸಿ, ಪೂರ್ತಿ ನೀರು ಹೊರಬಿಡಿ. ಮರುಕಳಿಸಿದರೆ ಅಲ್ಯೂಮಿನಿಯಂ-ಸತು ಮಿಶ್ರಣದ ಆ್ಯನೋಡ್ ಹಾಕಿಸಿ.

ಬಿಚ್ಚಿ ತೊಳೆದು ಮತ್ತೆ ಜೋಡಿಸುವುದು

ಗಡಸು ನೀರಿನ ಊರಿನಲ್ಲಿ ವರ್ಷಕ್ಕೊಮ್ಮೆ. ಮೆದು ನೀರಿನ ಕಡೆ ತೊಳೆಯುವುದು ಎರಡು-ಮೂರು ವರ್ಷಕ್ಕಾದರೂ ಸಾಕು, ಆದರೆ ಆ್ಯನೋಡನ್ನು ವರ್ಷಕ್ಕೊಮ್ಮೆ ನೋಡಲೇಬೇಕು. ಬೇಕಾಗುವುದು: ಹೊಸ ಗ್ಯಾಸ್ಕೆಟ್, ಟೆಫ್ಲಾನ್ ಟೇಪ್, ಫ್ಲ್ಯಾಂಜಿನ ನಟ್ಟಿಗೆ ಹೊಂದುವ ಬಾಕ್ಸ್ ಸ್ಪ್ಯಾನರ್, ಕಿರಾಣಿ ಅಂಗಡಿಯ ನಿಂಬೆಉಪ್ಪು ಅಂದರೆ ಸಿಟ್ರಿಕ್ ಆಮ್ಲ, ಎರಡು ಬಕೆಟ್.

ಪ್ಲಗ್ ಕಿತ್ತು, ನೀರು ಆರಿದ ಮೇಲೆ ತಣ್ಣೀರಿನ ವಾಲ್ವ್ ಮುಚ್ಚಿ. ಬಿಸಿನೀರಿನ ನಲ್ಲಿ ತೆರೆದಿಡಿ. ಆ ದಾರಿಯಲ್ಲಿ ಗಾಳಿ ಒಳಹೋಗದೆ ಟ್ಯಾಂಕು ಖಾಲಿಯಾಗದು. ನೀರು ಇಳಿಯುವುದು ತಣ್ಣೀರಿನ ಕಡೆಯಿಂದ, ಆ ಪೈಪು ಬಿಚ್ಚಿ ಬಕೆಟ್ ಹಿಡಿಯಿರಿ. ತಂತಿ ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಥರ್ಮೋಸ್ಟಾಟ್ ಎಳೆದು ತೆಗೆದು, ಫ್ಲ್ಯಾಂಜಿನ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಸಡಿಲಿಸಿ. ಎಲಿಮೆಂಟ್ ಕೆಳಗಿಳಿಸುವಾಗ ಸುಣ್ಣದ ಚಕ್ಕೆಯೂ ಉಳಿದ ನೀರೂ ಒಟ್ಟಿಗೆ ಬೀಳುತ್ತವೆ, ಮುಖ ಪಕ್ಕಕ್ಕಿರಲಿ.

ಲೀಟರ್ ಬಿಸಿನೀರಿಗೆ 100 ಗ್ರಾಂ ನಿಂಬೆಉಪ್ಪು ಕರಗಿಸಿ, ಟರ್ಮಿನಲ್ ಒದ್ದೆಯಾಗದಂತೆ ಎಲಿಮೆಂಟನ್ನು ಅದರಲ್ಲಿ ಅದ್ದಿಡಿ. ಗುಳ್ಳೆ ಏಳುವುದು ನಿಲ್ಲುವವರೆಗೆ ಬಿಡಿ, ಪದರ ದಪ್ಪಗಿದ್ದರೆ ದ್ರಾವಣ ಬದಲಿಸಿ. ಉಳಿದದ್ದನ್ನು ಮರದ ಚಕ್ಕೆಯಿಂದ ಕೆರೆಯಿರಿ, ಚಾಕು ಬೇಡ. ಟ್ಯಾಂಕಿನ ತಳದ ಸುಣ್ಣವನ್ನು ಕೈಯಲ್ಲೇ ಬಳಿದು ತೆಗೆಯಿರಿ; ಗಾಜಿನ ಲೇಪದ ಟ್ಯಾಂಕನ್ನು ಹೊರಗಿಂದ ಬಡಿದರೆ ಲೇಪ ಬಿರಿದು ಅಲ್ಲಿಂದಲೇ ತುಕ್ಕು ಶುರು. ಬಚ್ಚಲು ತೊಳೆಯುವ ಆಸಿಡ್ ಬೇಗ ಕೆಲಸ ಮಾಡುತ್ತದೆಂದು ಹಾಕಬೇಡಿ, ಅದು ಸ್ಟೀಲ್, ತಾಮ್ರ ಎರಡನ್ನೂ ತಿನ್ನುತ್ತದೆ. ಯಾವ ಆಮ್ಲವನ್ನೂ ಬ್ಲೀಚಿಂಗ್ ಪುಡಿಯ ಹತ್ತಿರ ಸುಳಿಸಬೇಡಿ. ಎರಡು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಅದು ಉಸಿರು ಕಟ್ಟಿಸುತ್ತದೆ.

ಹಳೆ ಗ್ಯಾಸ್ಕೆಟ್ ಚೆನ್ನಾಗಿ ಕಂಡರೂ ಹೊಸದನ್ನೇ ಹಾಕಿ. ನಟ್ಟುಗಳನ್ನು ಮತ್ತೆ ಎದುರುಬದುರಾಗಿ, ಮೂರು ಸುತ್ತಿನಲ್ಲಿ ಬಿಗಿಮಾಡಿ. ಅರ್ತ್ ತಂತಿಯನ್ನು ತುಕ್ಕು ಕೆರೆದ ಲೋಹಕ್ಕೆ ಕಚ್ಚಿಸಿ. ಥರ್ಮೋಸ್ಟಾಟ್ ಕಡ್ಡಿ ಕೊಳವೆಯ ತುದಿಯವರೆಗೂ ಹೋಗಿರಲಿ. ಬಿಸಿನೀರಿಗೆ ಬಿಳಿ ಪಿವಿಸಿ ಪೈಪು ಹಾಕಿದ್ದರೆ ಇದೇ ಸಂದರ್ಭದಲ್ಲಿ ತೆಗೆಸಿ ಸಿಪಿವಿಸಿ ಹಾಕಿಸಿ. ಆ ಕಾವಿಗೆ ಪಿವಿಸಿ ಮೆತ್ತಗಾಗುತ್ತದೆ. ನಂತರ ತಣ್ಣೀರಿನ ವಾಲ್ವ್ ತೆರೆದು, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಉಗುಳುವುದು ನಿಂತು ನೀರು ಒಂದೇ ಧಾರೆಯಾಗಿ ಬರುವವರೆಗೆ ಕಾಯಿರಿ. ಒಂದು ಗಂಟೆ ಹಾಗೇ ಬಿಟ್ಟು, ಒಂದು ಹನಿಯೂ ಇಲ್ಲ ಎಂದು ನೋಡಿದ ಮೇಲೆಯೇ ಪ್ಲಗ್ ಹಾಕಿ. ಮೊದಲ ಬಾರಿ ಕಾದು ಆರಿದ ನಂತರ, ಮತ್ತೆ ಪ್ಲಗ್ ಕಿತ್ತು ನಟ್ಟುಗಳನ್ನು ಒಂದು ಸುತ್ತು ಪರೀಕ್ಷಿಸಿ.

ಯಾವಾಗ ದುಡ್ಡು ಹಾಕಬಾರದು

ಎಲಿಮೆಂಟ್, ಥರ್ಮೋಸ್ಟಾಟ್, ಗ್ಯಾಸ್ಕೆಟ್, ವಾಲ್ವ್, ಆ್ಯನೋಡ್ ಇಷ್ಟನ್ನೂ ಬದಲಿಸಬಹುದು; ಟ್ಯಾಂಕು ಗಟ್ಟಿಯಿದ್ದರೆ ಹಳೆ ಗೀಸರ್‌ಗೆ ಈ ಖರ್ಚು ಮಾಡುವುದು ಸರಿ. ಟ್ಯಾಂಕೇ ಸೋರಿದರೆ, ಫ್ಲ್ಯಾಂಜಿನ ಬೋಲ್ಟುಗಳು ತುಕ್ಕಿಗೆ ಕಡಿದರೆ, ನಡುವಿನ ಫೋಮಿಗೆ ನೀರಿಳಿದಿದ್ದರೆ ಬಿಟ್ಟುಬಿಡಿ. ಹಳೆಯದು ತಾಮ್ರದ ಟ್ಯಾಂಕಾಗಿದ್ದರೆ ಗುಜರಿಗೆ ಇಡೀ ಪೆಟ್ಟಿಗೆಯ ಲೆಕ್ಕದಲ್ಲಿ ಕೊಡದೆ ತಾಮ್ರವನ್ನು ಬೇರೆಯಾಗಿ ತೂಗಿಸಿ ಕೊಡಿ.

ಹೊಸದನ್ನು ಹಳೆಯ ಮೊಳೆಗಳಿಗೇ ನೇತುಹಾಕಬೇಡಿ. 25 ಲೀಟರಿನದು ನೀರು ತುಂಬಿದಾಗ 35 ಕಿಲೋ ದಾಟುತ್ತದೆ. ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆಯ ಮನೆಗಳಲ್ಲಿ ಸಾಧಾರಣ ಫಾಸ್ಟನರ್ ಹಿಡಿತ ಕಳೆದುಕೊಳ್ಳುತ್ತದೆ. ಗೋಡೆಯ ಆಚೆಬದಿಗೂ ಹಾಯುವ ಬೋಲ್ಟು ಹಾಕಿ, ಆ ಬದಿಯಲ್ಲಿ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಸಿ. ಆ ಬದಿ ಮಳೆಗೆ ತೆರೆದಿದ್ದರೆ ಪಟ್ಟಿಗೆ ಬಣ್ಣ ಬಳಿದು, ತೂತಿನ ಸುತ್ತ ಸಿಮೆಂಟು ಮೆತ್ತಿ.